ಟೆಂಟ್ ಆಮೇಲೆ, ಮೊದಲು ತೊಟ್ಟಿ

ಮನೆಯೊಳಗೆ ಗ್ರೋ ಟೆಂಟ್ (ಒಳಗೇ ಲೈಟು ಹಾಕಿ ಗಿಡ ಬೆಳೆಸುವ ಮುಚ್ಚಿದ ಗುಡಾರ) ಹಾಕಿ ಸೊಪ್ಪು ಬೆಳೆಯಬೇಕೆಂದು ಸಲಹೆಗೆ ಬರುವವರಲ್ಲಿ ಹೆಚ್ಚಿನವರು ಲೈಟು ಕೊಂಡ ಮೇಲೆಯೇ ನನ್ನ ಬಳಿ ಬರುತ್ತಾರೆ. ಎಷ್ಟು ವ್ಯಾಟ್, ಎಷ್ಟು ಗಿಡ ಹಿಡಿಸುತ್ತದೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ನೀರು ಎಷ್ಟು ಲೀಟರ್, ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಮಾತ್ರ ‘ಒಂದು ಬಕೆಟ್ ಇಟ್ಟರಾಯಿತಲ್ಲ’ ಎನ್ನುತ್ತಾರೆ. ಒಂದೇ ನೀರು ಪಂಪಿನಿಂದ ಬೇರಿಗೆ ಹೋಗಿ ಮತ್ತೆ ತೊಟ್ಟಿಗೆ ಮರಳುವ, ಮಣ್ಣಿಲ್ಲದ ಹೈಡ್ರೋಪೋನಿಕ್ಸ್‌ನಲ್ಲಿ ಕೆಲಸ ಕೆಡುವುದು ಆ ಬಕೆಟ್ಟಿನಲ್ಲೇ.

ಲೆಕ್ಕ ಸುಲಭ. ಚೆನ್ನಾಗಿ ಬೆಳೆದ ಲೆಟಿಸ್ ಗಿಡ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 12 ಗಿಡಕ್ಕೆ 3 ಲೀಟರ್. 10 ಲೀಟರಿನ ಬಕೆಟ್ಟಿನಿಂದ ಇಷ್ಟು ಹೋದರೆ ಒಂದೇ ದಿನದಲ್ಲಿ ಮೂರನೇ ಒಂದು ಭಾಗದಷ್ಟು ನೀರು ಖಾಲಿ. ಸೆಖೆಯಲ್ಲಿ ಗಿಡ ನೀರನ್ನು ಹೀರುವ ವೇಗದಲ್ಲಿ ಗೊಬ್ಬರದ ಲವಣವನ್ನು ಹೀರುವುದಿಲ್ಲ. ಹಾಗಾಗಿ ಉಳಿದ ದ್ರಾವಣ ಗಟ್ಟಿಯಾಗುತ್ತದೆ, ಎಲೆಯ ಅಂಚು ಸುಡುತ್ತದೆ. ವ್ಯವಸ್ಥೆಯಲ್ಲಿ ಒಟ್ಟು 85 ಲೀಟರ್ ಇದ್ದರೆ ಅದೇ 3 ಲೀಟರ್ ನೂರಕ್ಕೆ ನಾಲ್ಕರಷ್ಟೂ ಆಗುವುದಿಲ್ಲ. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್‌ನ ಏರಿಳಿತವೂ ಹಾಗೆಯೇ, ಬಿಸಿಯೂ ಹಾಗೆಯೇ. ನೀರು ಹೆಚ್ಚಿದ್ದಷ್ಟೂ ನಿಮ್ಮ ಮರೆವಿಗೆ ಮಾಫಿ ಹೆಚ್ಚು. ವಾರಾಂತ್ಯಕ್ಕೆ ಊರಿಗೆ ಹೋಗಿಬರುವ ಅಭ್ಯಾಸವಿರುವವರು ಇದನ್ನು ಮೊದಲೇ ಯೋಚಿಸಬೇಕು.

ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನ ಯುಟಿಲಿಟಿಯಲ್ಲಿ ಹಿಡಿಸುವ, 120 ಸೆಂಟಿಮೀಟರ್ ಉದ್ದ, 60 ಅಗಲ, 150 ಎತ್ತರದ ಟೆಂಟನ್ನೇ ತೆಗೆದುಕೊಳ್ಳೋಣ. ಮೊದಲ ಸಲದವರಿಗೆ ನಾನು ಹೇಳುವ ವಿನ್ಯಾಸ ಒಂದೇ. ಟೆಂಟಿನ ಒಳಗೆ ಗಟ್ಟಿ ಸ್ಟ್ಯಾಂಡಿನ ಮೇಲೆ 90 ಬೈ 45 ಸೆಂಟಿಮೀಟರಿನ, ಆಳ ಕಡಿಮೆ ಇರುವ ಟಬ್ಬು. ಅದರಲ್ಲಿ 10 ಸೆಂಟಿಮೀಟರ್ ನೀರು. ನೀರಿನ ಮೇಲೆ ತೂತು ಕೊರೆದ ಥರ್ಮೋಕೋಲ್ ಹಲಗೆ, ತೂತಿಗೊಂದು ನೆಟ್ ಪಾಟ್ (ಗಿಡ ಕೂರಿಸುವ ಜಾಲರಿಯ ಪುಟ್ಟ ಕುಂಡ). ಟೆಂಟಿನ ಹೊರಗೆ, ಟಬ್ಬಿಗಿಂತ ಕೆಳಗೆ, ಬೆಳಕು ಹಾಯದ ಗಾಢ ಬಣ್ಣದ 60 ಲೀಟರಿನ ಗಿಡ್ಡನೆಯ, ಮುಚ್ಚಳವಿರುವ ತೊಟ್ಟಿ. ತೊಟ್ಟಿಯ ನೀರನ್ನು ಪಂಪ್ ಟಬ್ಬಿಗೆ ಏರಿಸುತ್ತದೆ, ಹೆಚ್ಚಾದದ್ದು ಪೈಪಿನಲ್ಲಿ ತೊಟ್ಟಿಗೇ ಇಳಿಯುತ್ತದೆ. ಟಬ್ಬಿನಲ್ಲಿ 40 ಲೀಟರ್, ತೊಟ್ಟಿಯಲ್ಲಿ 45. ಟಬ್ಬಿನ ನೀರೇ 40 ಕಿಲೋ ತೂಗುತ್ತದೆ ಎಂಬುದು ಸ್ಟ್ಯಾಂಡ್ ಕೊಳ್ಳುವಾಗ ನೆನಪಿರಲಿ. ಪ್ಲಾಸ್ಟಿಕ್ ಸ್ಟೂಲು ಸಾಲದು.

ತೊಟ್ಟಿ ಹೊರಗಿರಬೇಕು ಎನ್ನುವುದಕ್ಕೆ ಕಾರಣವಿದೆ. ಲೈಟಿಗೆ ಹೋಗುವ ಪ್ರತಿ ವ್ಯಾಟೂ ಕೊನೆಗೆ ಶಾಖವೇ ಆಗುತ್ತದೆ, ಟೆಂಟಿನೊಳಗಿನ ತೊಟ್ಟಿ ಆ ಶಾಖದಲ್ಲಿ ಕೂತಿರುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಗೆ ಬೇರಿನ ಉಸಿರಾಟ ಏರಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಈ ಎರಡರ ನಡುವೆ ಬೇರು ಕೊಳೆಸುವ ಸೂಕ್ಷ್ಮಜೀವಿ ಪಿಥಿಯಂ ನುಗ್ಗುತ್ತದೆ: ಬೆಳ್ಳಗಿದ್ದ ಬೇರು ಕಂದಾಗಿ, ಎಳೆದರೆ ಹೊರಸಿಪ್ಪೆ ಕಳಚಿ ನೂಲಿನಂಥ ಎಳೆ ಕೈಗೆ ಬರುತ್ತದೆ, ತೊಟ್ಟಿ ವಾಸನೆ ಹೊಡೆಯುತ್ತದೆ. ನೀರನ್ನು 24 ಡಿಗ್ರಿಯೊಳಗೆ ಇಟ್ಟರೆ ಈ ಕಾಟ ಬಹಳ ಕಡಿಮೆ. ಒಂದು ಲೀಟರ್ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಬಾಟಲಿ 85 ಲೀಟರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ತಂಪು ಮಾಡುತ್ತದೆ, ಅಷ್ಟೇ. ಏಪ್ರಿಲ್‌ನಲ್ಲಿ ಐಸ್ ಬಾಟಲಿಯನ್ನೇ ನಂಬಿ ಕೂರುವವರಿಗೆ ಈ ಲೆಕ್ಕ ಹೇಳುತ್ತೇನೆ. ಅದಕ್ಕಿಂತ ಲೈಟನ್ನು ಸಂಜೆ 6ರಿಂದ ಬೆಳಿಗ್ಗೆ 10ರವರೆಗೆ ಉರಿಸುವುದು ಜಾಣತನ. ಹಗಲಿನ ಬಿಸಿಗೆ ಲೈಟಿನ ಬಿಸಿ ಸೇರುವುದಿಲ್ಲ.

ಇಲ್ಲೇ ವೀಡಿಯೊಗಳ ಮಾತೂ ಬರಬೇಕು. ಗ್ರೋ ಟೆಂಟಿನ ಬಗ್ಗೆ ನೀವು ನೋಡುವ ವಿದೇಶಿ ವೀಡಿಯೊಗಳಲ್ಲಿ ಹಲವು ಚಳಿದೇಶದ ನೆಲಮಾಳಿಗೆಯಲ್ಲಿ ತೆಗೆದವು. ಅಲ್ಲಿ ತೊಟ್ಟಿಗೆ ಹೀಟರ್ ಹಾಕು ಎನ್ನುತ್ತಾರೆ. ಟೊರಾಂಟೊದಲ್ಲಿರುವ ಕನ್ನಡಿಗರು ಜನವರಿಯಲ್ಲಿ ಮೆಂತ್ಯ ಸೊಪ್ಪು ಬೆಳೆಯಲು ಅದು ಸರಿ, ಕಲಬುರಗಿಯವರಿಗೆ ಅಲ್ಲ. ಇನ್ನೊಂದು, ಅವುಗಳಲ್ಲಿ ಎಷ್ಟೋ ವೀಡಿಯೊಗಳ ಬೆಳೆ ಗಾಂಜಾ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗೊಬ್ಬರದ ಪಟ್ಟಿ ಅದಕ್ಕೇ ಹೊಂದಿಸಿದ್ದು. ನಮ್ಮಲ್ಲಿ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ ಎಂಬುದು ಒಂದು ಕಡೆ. ಆ ಪಟ್ಟಿಯ ಪ್ರಕಾರ ಇಸಿಯನ್ನು, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆಯನ್ನು, 2 ದಾಟಿಸಿದರೆ ನಿಮ್ಮ ಲೆಟಿಸ್ ಗತಿ ಏನು ಎಂಬುದು ಇನ್ನೊಂದು ಕಡೆ. ಲೆಟಿಸ್‌ಗೆ 0.8ರಿಂದ 1.2 ಸಾಕು. ತುಳಸಿ ಜಾತಿಯ ಬೇಸಿಲ್‌ಗೆ 1.0ರಿಂದ 1.6.

ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಎನ್‌ಎಫ್‌ಟಿ ನೋಡಲು ಚೆಂದ, ಮಾರುವವರಿಗೂ ಅದೇ ಇಷ್ಟ. ಇಂಗ್ಲೆಂಡಿನ ಲಿಟಲ್‌ಹ್ಯಾಂಪ್ಟನ್‌ನ ಗಾಜುಮನೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಅಲನ್ ಕೂಪರ್ ಅದನ್ನು ರೂಪಿಸಿದವರು. ನಿರಂತರ ಹರಿವಿದ್ದರೆ ಬಹಳ ಒಳ್ಳೆಯ ಪದ್ಧತಿ. ಆದರೆ ಕರೆಂಟು ಹೋದ ಕ್ಷಣದಿಂದ ಬೇರು ಬರೀ ಗಾಳಿಯಲ್ಲಿ ತೂಗುತ್ತದೆ, ಬೇಸಿಗೆಯ ಮಧ್ಯಾಹ್ನ ಗಿಡ ಬಾಡಲು ಹೆಚ್ಚು ಹೊತ್ತು ಬೇಡ. ಟಬ್ಬಿನಲ್ಲಿ 10 ಸೆಂಟಿಮೀಟರ್ ನೀರು ನಿಂತಿದ್ದರೆ ಆ ಭಯವಿಲ್ಲ. ಟಬ್ಬಿನ ನೀರಿಗೆ ಗಾಳಿ ಊದಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪುಟ್ಟ ಏರ್ ಪಂಪನ್ನು ಮನೆಯ ಇನ್ವರ್ಟರಿಗೆ ಕೊಟ್ಟುಬಿಡಿ. ಲೈಟಿಗೆ ಇನ್ವರ್ಟರ್ ಬೇಡ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವಾದರೆ ಅದು ನಿಂತಾಗ ಟ್ಯೂಬಿನ ಮೂಲಕ ನೀರು ಹಿಂದಕ್ಕೆ ಬಂದು ಪಂಪಿನೊಳಗೆ ಇಳಿಯುತ್ತದೆ.

ಈಗ ನೆಲ ಒದ್ದೆಯಾಗುವ ವಿಷಯ. ಟಬ್ಬಿನ ತಳಕ್ಕೆ ಟ್ಯಾಂಕ್ ನಿಪ್ಪಲ್ (ತೂತಿಗೆ ಸೋರದಂತೆ ಪೈಪು ಕೂರಿಸುವ ಜೋಡಣೆ) ಹಾಕಿ, ಒಳಗೆ 10 ಸೆಂಟಿಮೀಟರ್ ಎತ್ತರದ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಬೇಕು. ನೀರು ಅದರ ಬಾಯಿಗೆ ಬಂದ ಮೇಲೆ ಉಕ್ಕಿ ತೊಟ್ಟಿಗೆ ಇಳಿಯುತ್ತದೆ. ಒಳಬರುವ ಪೈಪು ಅರ್ಧ ಇಂಚಿದ್ದರೆ ಹೊರಹೋಗುವುದು ಒಂದು ಇಂಚಾದರೂ ಇರಲಿ. ಏರುವ ನೀರನ್ನು ಪಂಪ್ ತಳ್ಳುತ್ತದೆ, ಇಳಿಯುವ ನೀರನ್ನು ತಳ್ಳುವವರು ಯಾರೂ ಇಲ್ಲ. ಬೇಸಿಲ್, ಪುದೀನದ ಬೇರು ಆ ಪೈಪನ್ನೇ ಹುಡುಕಿಕೊಂಡು ಹೋಗುತ್ತದೆ, ಹಾಗಾಗಿ ಬಾಯಿಗೆ ಜಾಲರಿಯ ಟೊಪ್ಪಿಗೆ ಹಾಕಿ. ಪಂಪ್ ನಿಂತಾಗ ಟಬ್ಬಿನಲ್ಲಿ ಪೈಪಿನ ಬಾಯಿಗಿಂತ ಮೇಲಿರುವ ನೀರಷ್ಟೂ ಕೆಳಗೆ ಬರುತ್ತದೆ. ಈ ಟಬ್ಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 4 ಲೀಟರ್. 60 ಲೀಟರಿನ ತೊಟ್ಟಿಯಲ್ಲಿ 45 ಮಾತ್ರ ತುಂಬಿಸಿ ಎಂದದ್ದು ಅದಕ್ಕೇ. ಪಂಪಿನ ಕೊಳವೆಯ ತುದಿ ಟಬ್ಬಿನ ನೀರಿನೊಳಗೆ ಮುಳುಗಿದ್ದರೆ ಇನ್ನೂ ಅಪಾಯ: ಕರೆಂಟು ಹೋದ ಕೂಡಲೇ ಸೈಫನ್ ಆಗಿ ಟಬ್ಬಿನ 40 ಲೀಟರೂ ಅದೇ ಕೊಳವೆಯಲ್ಲಿ ವಾಪಸ್ಸು ಇಳಿದು ತೊಟ್ಟಿ ಉಕ್ಕುತ್ತದೆ. ತುದಿಯನ್ನು ನೀರಿನ ಮೇಲೆಯೇ ಬಿಡಿ, ಬೀಳುವ ನೀರು ಗಾಳಿಯನ್ನೂ ಒಳಗೆ ಒಯ್ಯುತ್ತದೆ.

ಗಿಡ ಇಡುವ ಮುನ್ನ ಬರೀ ನೀರಿನಲ್ಲಿ ಒಂದು ದಿನ ಓಡಿಸಿ. ತೊಟ್ಟಿಯ ಹೊರಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಪಂಪಿನ ಪ್ಲಗ್ಗು ಕೀಳಿ, ನೀರು ಎಲ್ಲಿಗೆ ಏರಿ ನಿಲ್ಲುತ್ತದೆ ನೋಡಿ, ಅಲ್ಲೊಂದು ಗೆರೆ ಎಳೆಯಿರಿ. ಬೇಕೆಂದೇ ಬಟ್ಟೆ ತುರುಕಿ ಇಳಿಯುವ ಪೈಪನ್ನೂ ಒಮ್ಮೆ ಕಟ್ಟಿ ನೋಡಿ. ಈ ಪರೀಕ್ಷೆ ಮಾಡದವರ ಕರೆ ನನಗೆ ಬರುವುದು ಕೆಳಗಿನ ಮನೆಯವರು ಮೇಲೆ ಹತ್ತಿ ಬಂದ ನಂತರ. ನೀರಿನ ಪಕ್ಕದ ಪ್ಲಗ್ಗಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚು) ಕಡ್ಡಾಯ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಲಿ, ಹನಿ ಬಾಗಿದಲ್ಲೇ ಉದುರುತ್ತದೆ.

ನೀರಿನ ಮೂಲ ಯಾವುದೆಂದು ನೋಡದೆ ಗೊಬ್ಬರ ಕೊಳ್ಳಬೇಡಿ. ಕಾವೇರಿ ನೀರಿನಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಪಿಎಚ್ಚನ್ನು ದಿನವೂ ಮೇಲಕ್ಕೆ ಒಯ್ಯುತ್ತದೆ, ನೀವು 5.8ಕ್ಕೆ ಇಳಿಸಿದ್ದು ನಾಳೆ 7 ಆಗಿರುತ್ತದೆ. ಬರೀ ನೀರಿನ ಇಸಿಯೇ 0.8 ಇದ್ದರೆ ಗೊಬ್ಬರಕ್ಕೆ ಜಾಗವೇ ಉಳಿಯಲಿಲ್ಲ, ಆರ್‌ಒ ನೀರು ಬೆರೆಸಬೇಕು. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರಂತೂ ಬೇಡವೇ ಬೇಡ, ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸಿದ ನೀರದು. ಪಿಎಚ್ ಇಳಿಸಲು ನಿಂಬೆ ಉಪ್ಪು ಹಾಕುವವರಿದ್ದಾರೆ. ಸೂಕ್ಷ್ಮಾಣುಗಳು ಅದನ್ನು ತಿಂದು ಮುಗಿಸಿದರೆ ಪಿಎಚ್ ಮತ್ತೆ ಮೊದಲಿನಂತೆ. ಫಾಸ್ಫಾರಿಕ್ ಆಮ್ಲ ನಿಲ್ಲುತ್ತದೆ. ಎರಡು ಭಾಗವಾಗಿ ಬರುವ ಎ ಮತ್ತು ಬಿ ಗೊಬ್ಬರವನ್ನು ನೀರಿನಲ್ಲಿ ತೆಳುವಾಗಿಸುವ ಮುನ್ನ ಒಂದೇ ಲೋಟದಲ್ಲಿ ಬೆರೆಸಬಾರದು, ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರಲ್ಲಿರುವ ಸಲ್ಫೇಟ್ ಜತೆಗೂ ಫಾಸ್ಫೇಟ್ ಜತೆಗೂ ಕೂಡಿ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಆಮೇಲಿನ ಕೆಲಸವೆಂದರೆ ಇಸಿ ಓದುವುದು. ಮಟ್ಟ ಇಳಿದು ಇಸಿ ಏರಿದ್ದರೆ ಬರೀ ನೀರು ಹಾಕಿ. ಎರಡೂ ಇಳಿದಿದ್ದರೆ ಗಿಡ ಹಸಿದಿದೆ. ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಹಳೆಯ ನೀರು ಹೂಕುಂಡಗಳಿಗೆ.

ಲೈಟಿನ ಬಗ್ಗೆ ಹೇಳುವುದು ಕಡಿಮೆ. ಈ ಟೆಂಟಿಗೆ, ಸೊಪ್ಪಿಗೆ, 80ರಿಂದ 100 ವ್ಯಾಟಿನ ಒಳ್ಳೆಯ ಎಲ್‌ಇಡಿ ಸಾಕು. ಮೇಲುಗಡೆ 4 ಇಂಚಿನ ಫ್ಯಾನು ಬಿಸಿಗಾಳಿ ಎಳೆಯಲಿ, ಕೆಳಗಿನ ಕಿಂಡಿ ತೆರೆದಿರಲಿ. ಬಿಲ್ಲಿನ ಲೆಕ್ಕ ಮಾತ್ರ ಮಾಡಿಕೊಳ್ಳಿ: 100 ವ್ಯಾಟ್ 16 ಗಂಟೆ ಉರಿದರೆ 1.6 ಯೂನಿಟ್, ಪಂಪು ಫ್ಯಾನು ದಿನವಿಡೀ ಓಡಿ ಇನ್ನೊಂದು, ತಿಂಗಳಿಗೆ 80ರ ಹತ್ತಿರ. ಗೃಹಜ್ಯೋತಿಯಲ್ಲಿರುವ ಮನೆಯ ಬಳಕೆ ಇದರಿಂದ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಹನ್ನೆರಡು ಲೆಟಿಸ್‌ಗೆ ಅದು ದುಬಾರಿಯೇ.

ಬೇಸಿಗೆಯಲ್ಲಿ ಲೆಟಿಸ್ ಹಟ ಬಿಡಿ, ಹೂತೆನೆ ಬಂದು ಕಹಿಯಾಗುತ್ತದೆ. ಆ ತಿಂಗಳುಗಳಿಗೆ ಬೇಸಿಲ್ ಇದೆ, ಬಸಳೆ ಇದೆ, ಹರಿವೆ ಇದೆ. ಬೀಜವನ್ನು ತೊಟ್ಟಿ ತಂದ ದಿನವೇ ಬೇರೆ ಟ್ರೇಯಲ್ಲಿ ಬಿತ್ತಿ. ಸಸಿಗಳು ಮೊಳಕೆ ಎಲೆಗಳ ನಂತರದ ಎರಡು ನಿಜವಾದ ಎಲೆ ಬಿಡಲು ಎರಡು ವಾರ ಬೇಕು. ಸೋರಿಕೆ ಹುಡುಕಿ ಮುಗಿಸಲು ಆ ಎರಡು ವಾರ ಸಾಕು.