ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ?

ಕಳೆದ ಮುಂಗಾರಿನಲ್ಲಿ ಅರವತ್ತು ದಾಟಿದ ತಾಯಿಯೊಬ್ಬರು ಪಾಸ್‌ಬುಕ್ಕು, ಆಧಾರ್ ಕಾರ್ಡು ಮತ್ತು ಮಡಿಕೆಯಲ್ಲಿ ಹರಿದಿದ್ದ ಹೊಲದ ಉತಾರವನ್ನು (ಪಹಣಿ) ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಿದ್ದರು. ‘ಸಾಹೇಬ್ರ, ನಾಕು ಎಕರೆ ಹೊಲಾ ನಾನ ಮಾಡಸ್ತೇನ್ರಿ. ಎಲ್ಲಾರಿಗೂ ರೊಕ್ಕ ಬಂತು, ನನಗ ಯಾಕ ಬರಲಿಲ್ರಿ?’ ಎಂದು ಕೇಳಿದರು. ಉತಾರದ ಒಂಬತ್ತನೇ ಕಾಲಂ, ಅಂದರೆ ಮಾಲೀಕರ ಹೆಸರು ಬರುವ ಜಾಗ, ನೋಡಿದೆ. ಅಲ್ಲಿದ್ದದ್ದು ಅವರ ಮಾವನವರ ಹೆಸರು. ಮಾವನೂ ಇಲ್ಲ, ಗಂಡನೂ ಇಲ್ಲ; ಎರಡು ತಲೆಮಾರಿನ ವಾರಸಾ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ.

ಕೃಷಿ ಇಲಾಖೆಯ ಸೇವೆಯಲ್ಲಿದ್ದಾಗಲೂ ನಿವೃತ್ತಿಯ ನಂತರವೂ ನಾನು ಕಂಡಂತೆ, ಸಹಾಯಧನ ಬರಲಿಲ್ಲವೆಂದು ಬರುವವರ ತೊಡಕಿನ ಬೇರು ಬಹಳ ಸಲ ಇಲ್ಲಿಯೇ ಇರುತ್ತದೆ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಸಂದಾಯವಾಗುವುದು ಭೂದಾಖಲೆಯಲ್ಲಿ ಹೆಸರಿರುವ ರೈತ ಕುಟುಂಬಕ್ಕೆ. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಇದು ಸಿಗದಿದ್ದರೂ, ಮಾಲೀಕರು ತೀರಿಕೊಂಡು ವಾರಸುದಾರರ ಹೆಸರಿಗೆ ಖಾತೆ ಬದಲಾದಲ್ಲಿ ಆ ನಿರ್ಬಂಧವಿಲ್ಲ ಎಂಬುದನ್ನು ಹಳ್ಳಿಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಬೆಳೆ ಹಾನಿ ಪರಿಹಾರದ ಮೊತ್ತ ಇನ್ನೂ ದೊಡ್ಡದು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರ್. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಪರಿಹಾರದ ಲೆಕ್ಕ ನಡೆದದ್ದು ರೈತರ ಮತ್ತು ಅವರ ಜಮೀನಿನ ವಿವರವಿರುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ದಾಖಲಾದ ವಿಸ್ತೀರ್ಣದ ಮೇಲೆ. ಅದರಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಮಾಡಿಸುವಾಗ ಒಂದೇ ಸರ್ವೆ ನಂಬರು ಕೊಟ್ಟು ಉಳಿದದ್ದನ್ನು ಬಿಟ್ಟಿದ್ದವರಿಗೆ, ಬಿಟ್ಟ ಹೊಲದ ಪರಿಹಾರವೂ ಬಿಟ್ಟುಹೋಯಿತು.

ಹಣ ಮಂಜೂರಾಗಿಯೂ ಕೈಗೆ ಸಿಗದ ಪ್ರಕರಣಗಳು ಬೇರೆ. ಆಧಾರ್ ಮೂಲಕ ಪಾವತಿಯಾಗುವ ಹಣ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕು ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತವರು ಮೊದಲು ಆ ಪಾಸ್‌ಬುಕ್ಕಿಗೆ ನಮೂದು ಹಾಕಿಸಿ ನೋಡಬೇಕು.

ವಾರಸಾ ಏಕೆ ನಿಲ್ಲುತ್ತದೆ? ಕಚೇರಿಯ ವಿಳಂಬ ಒಂದು ಕಾರಣವಷ್ಟೇ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಬರೆಯಬೇಕಾಗುತ್ತದೆ. ಬರೆದರೆ ಹೊಲದಲ್ಲಿ ಪಾಲು ಕೇಳುತ್ತಾರೆಂಬ ಅಂಜಿಕೆಯಿಂದ ಅಣ್ಣತಮ್ಮಂದಿರು ಅರ್ಜಿಯನ್ನೇ ಹಾಕುವುದಿಲ್ಲ. ಉತಾರದಿಂದ ಹೆಸರು ಬಿಟ್ಟರೂ ಹೆಣ್ಣುಮಗಳ ಹಕ್ಕು ಹೋಗುವುದಿಲ್ಲ, ವಾರಸಾದಿಂದಾಗುವ ಪೌತಿ ಖಾತೆಯಲ್ಲಿ ಜಂಟಿಯಾಗಿ ಹೆಸರು ಬಂದ ಮಾತ್ರಕ್ಕೆ ಹೊಲ ಪಾಲಾಗುವುದೂ ಇಲ್ಲ. ಈ ಅಂಜಿಕೆಯ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ಗಂಡನನ್ನು ಕಳೆದುಕೊಂಡು ಹೊಲದಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳು ಎಂಬುದು ನನಗೆ ತೀರ ನೋವು ತರುವ ಸಂಗತಿ.

ಆ ತಾಯಿಯ ಮನೆಯಲ್ಲಿ ಗಂಡನ ಮರಣ ಪ್ರಮಾಣಪತ್ರವಿತ್ತು, ಮಾವನದಿರಲಿಲ್ಲ. ಸಾವನ್ನು ನೋಂದಾಯಿಸಿಯೇ ಇರಲಿಲ್ಲ. ವರ್ಷ ಮೀರಿದ ಸಾವಿನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸಹಾಯಧನದ ಅರ್ಜಿಯನ್ನು ಬದಿಗಿಟ್ಟು, ನಾವು ಅಂದು ಆ ಆದೇಶಕ್ಕೆ ಬೇಕಾದ ಅರ್ಜಿಯನ್ನು ಬರೆದೆವು.