ಓಣಿ ಮುಳುಗಿತು, ನೆನಪು ಹೇಗೆ ಉಳಿಯಿತು?

ನವನಗರದ ಹಿರಿಯರನ್ನು ಹಳೇ ಬಾಗಲಕೋಟೆಯ ಬಗ್ಗೆ ಕೇಳಿ ನೋಡಿ. ಆಲಮಟ್ಟಿಯ ಹಿನ್ನೀರಿಗೆ ಹೋದ ಓಣಿಯಲ್ಲಿ ಯಾರ ಮನೆಯ ಪಕ್ಕ ಯಾರ ಅಂಗಡಿ ಇತ್ತು ಎಂದು ಸಾಲಾಗಿ ಹೇಳುತ್ತಾರೆ. ಮುಳುಗಡೆಯಾಗಿ ಎಷ್ಟೋ ವರ್ಷವಾಯಿತು. ಆ ಓಣಿ ಮನಸ್ಸಿಗಿಳಿದಾಗ ಅವರ ಮಿದುಳಿನಲ್ಲಿದ್ದ ಪ್ರೋಟೀನುಗಳಲ್ಲಿ ಬಹುಪಾಲು ಕೆಲವೇ ದಿನ, ವಾರಗಳಲ್ಲಿ ಸವೆದು, ಹೊಸವು ಬಂದಿವೆ. ಹಾಗಾದರೆ ನೆನಪು ಯಾವುದರ ಆಸರೆಯಲ್ಲಿ ನಿಂತಿದೆ? ಡಿಎನ್‌ಎ ರಚನೆ ಬಿಡಿಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಎತ್ತಿದ ಪ್ರಶ್ನೆ ಇದೇ.

ಉತ್ತರದ ಒಂದು ಎಳೆ ಕಿಣ್ವಗಳಲ್ಲಿ ಸಿಕ್ಕಿದೆ. ಎರಡು ನರಕೋಶಗಳ ಸಂಧಿಯಲ್ಲಿ ಸಂಕೇತ ಜೋರಾಗಿ ಬಂದರೆ ಕ್ಯಾಲ್ಸಿಯಂ ಒಳನುಗ್ಗಿ ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇದು ಸಾಮಾನ್ಯವಾಗಿ 12 ಘಟಕಗಳ ಕೂಟ. ಎದ್ದ ಘಟಕ ಪಕ್ಕದ್ದಕ್ಕೆ ಫಾಸ್ಫೇಟ್ ಅಂಟಿಸುವುದರಿಂದ ಕ್ಯಾಲ್ಸಿಯಂ ಇಳಿದ ಮೇಲೂ ಕೂಟ ಕೆಲಕಾಲ ಎಚ್ಚರವಾಗಿರುತ್ತದೆ. ಫಾಸ್ಫೇಟ್ ಅಂಟುವ ಆ ಒಂದೇ ಅಮೈನೋ ಆಮ್ಲವನ್ನು ಬದಲಿಸಿದ ಇಲಿಗಳಿಗೆ ತೊಟ್ಟಿಯ ನೀರಿನೊಳಗೆ ಅಡಗಿಸಿಟ್ಟ ಕಟ್ಟೆ ಎಲ್ಲಿದೆ ಎಂಬುದು ತಲೆಗೆ ಹತ್ತಲೇ ಇಲ್ಲ.

ಇದು ಕಲಿಯುವ ಹೊತ್ತಿನ ಮಾತಾಯಿತು. ವರ್ಷಗಟ್ಟಲೆ ಉಳಿಯುವ ನೆನಪಿಗೆ ನ್ಯೂಯಾರ್ಕಿನ ನರವಿಜ್ಞಾನಿ ಟಾಡ್ ಸಾಕ್ಟರ್ ಬೊಟ್ಟು ಮಾಡಿದ್ದು ಪಿಕೆಎಂ-ಝೀಟಾ ಎಂಬ ಕಿಣ್ವದತ್ತ. ತನ್ನನ್ನು ತಾನೇ ತಡೆಯುವ ಭಾಗ ಇದಕ್ಕಿಲ್ಲ. ಒಮ್ಮೆ ತಯಾರಾಯಿತೆಂದರೆ ಸಂಧಿಯನ್ನು ಬಲವಾಗಿಡಲು ದುಡಿಯುತ್ತಲೇ ಇರುತ್ತದೆ. ಇದನ್ನು ತಡೆಯುತ್ತದೆಂದು ನಂಬಿದ್ದ ಝಿಪ್ ಎಂಬ ವಸ್ತುವನ್ನು ಮಿದುಳಿಗೆ ಚುಚ್ಚಿದಾಗ ಇಲಿಗಳು ಹಿಂದಿನ ದಿನ ಕಲಿತ ಪಾಠ ಅಳಿಸಿಹೋಯಿತು. ಅದು 2006. ಎಲ್ಲರೂ ಹುಬ್ಬೇರಿಸಿದರು.

2013ರಲ್ಲಿ ಪೆಟ್ಟು ಬಿತ್ತು. ಈ ಕಿಣ್ವವೇ ಇಲ್ಲದ ಇಲಿಗಳನ್ನು ಎರಡು ತಂಡಗಳು ಬೆಳೆಸಿ ನೋಡಿದವು. ಅವಕ್ಕೂ ನೆನಪು ಚೆನ್ನಾಗಿಯೇ ಇತ್ತು! ಝಿಪ್ ಕೊಟ್ಟರೆ ಅದೂ ಅಳಿಯುತ್ತಿತ್ತು. ಸಿದ್ಧಾಂತ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಇಲಿಗಳಲ್ಲಿ ಅದರ ದಾಯಾದಿ ಕಿಣ್ವವೊಂದು ಆ ಕೆಲಸಕ್ಕೆ ಹೆಗಲು ಕೊಡುತ್ತದೆಂದು 2016ರಲ್ಲಿ ಸಾಕ್ಟರ್ ತಂಡ ತೋರಿಸಿತು. ನನಗಂತೂ ಇಡೀ ಕಥೆಯಲ್ಲಿ ಹಿಡಿಸಿದ್ದು ಈ ಜಗಳವೇ. ಅದಿಲ್ಲದಿದ್ದರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ: ಕಿಣ್ವವೂ ಸವೆಯುವ ಪ್ರೋಟೀನೇ ಅಲ್ಲವೇ, ಹೊಸದಕ್ಕೆ ತನ್ನ ಸಂಧಿ ಯಾವುದೆಂದು ತಿಳಿಯುವುದು ಹೇಗೆ?

ಕಿಬ್ರಾ ಎಂಬ ಪ್ರೋಟೀನು ಕಲಿಕೆಯಿಂದ ಬಲಗೊಂಡ ಸಂಧಿಗಳಲ್ಲಿ ಕುಳಿತು ಪಿಕೆಎಂ-ಝೀಟಾವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು 2024ರಲ್ಲಿ ಬಂದ ಉತ್ತರ. ಇಳಕಲ್ಲಿನ ಮಗ್ಗದಲ್ಲಿ ಹಾಸು ತೀರಿದಾಗ ಹಳೆಯ ಎಳೆಗಳ ತುದಿಗೇ ಹೊಸ ಎಳೆ ಜೋಡಿಸುತ್ತಾರಲ್ಲ, ಹಾಗೆ: ನೂಲು ಹೊಸದು, ಸಾಲು ಹಳೆಯದೇ. ಇಲಿಗಳಲ್ಲಿ ಈ ಎರಡರ ಹಿಡಿತವನ್ನು ಮದ್ದಿನಿಂದ ಬಿಡಿಸಿದಾಗ ತಿಂಗಳ ಹಿಂದಿನ ನೆನಪೂ ಹೋಯಿತು. ಪಿಕೆಎಂ-ಝೀಟಾ ಮೊದಲೇ ಇಲ್ಲದ ಇಲಿಗಳಿಗೆ ಅದೇ ಮದ್ದು ಕೊಟ್ಟರೆ ಏನೂ ಆಗಲಿಲ್ಲ.