ಹಾಲಿನ ಕುರಿಗಳ ಹೋಲಿಕೆ: ಬರೀ ಲೀಟರ್ ನೋಡಿದರೆ ಸಾಲದು

ಒಂದು ಕುರಿ ಈ ಸೂಲಿನಲ್ಲಿ 240 ಲೀಟರ್ ಕೊಟ್ಟಿದೆ, ಇನ್ನೊಂದು 200. ಯಾವುದರ ಮರಿಗಳನ್ನು ತಳಿಗೆ ಉಳಿಸಿಕೊಳ್ಳಬೇಕು? ಇಷ್ಟರಿಂದಲೇ ಹೇಳಲು ಆಗುವುದಿಲ್ಲ. ಮೊದಲನೆಯದರ ಹಿಂಡಿನ ಸರಾಸರಿ 260, ಎರಡನೆಯದರದು 160 ಅಂದುಕೊಳ್ಳಿ. ಆಗ ಮೊದಲನೆಯದು ತನ್ನ ಜೊತೆಯವುಗಳಿಗಿಂತ 20 ಲೀಟರ್ ಹಿಂದೆ, ಎರಡನೆಯದು 40 ಲೀಟರ್ ಮುಂದೆ.

ಈ 'ಜೊತೆಯವು' ಯಾರು ಅನ್ನುವುದೇ ಮುಖ್ಯ. ಅದೇ ಹಿಂಡು, ಅದೇ ವರ್ಷ, ಹೆಚ್ಚುಕಡಿಮೆ ಅದೇ ಸಮಯದಲ್ಲಿ ಮರಿ ಹಾಕಿದವು, ಅದೇ ಸೂಲಿನವು. ಮೊದಲ ಸೂಲಿನಲ್ಲಿ ಹಾಲು ಕಡಿಮೆ. ಮೂರು-ನಾಲ್ಕನೇ ಸೂಲಿನ ಹೊತ್ತಿಗೆ ಏರುತ್ತದೆ. ಅವಳಿ ಹಾಕಿದವು ಸಾಮಾನ್ಯವಾಗಿ ಒಂಟಿ ಮರಿಯವುಗಳಿಗಿಂತ ಜಾಸ್ತಿ ಕೊಡುತ್ತವೆ. ಇವನ್ನೆಲ್ಲ ಬೆರೆಸಿದರೆ ವಯಸ್ಸಿಗೇ ಬಹುಮಾನ ಕೊಟ್ಟಂತೆ. ಹಾಗಂತ ಗುಂಪನ್ನು ತೀರಾ ಸಣ್ಣದು ಮಾಡಬೇಡಿ. ಮೂರು ಕುರಿಗಳ ಸರಾಸರಿಯನ್ನು ಯಾರು ನಂಬುತ್ತಾರೆ?

ಇನ್ನು ಲೀಟರ್ ಸಿಗುವುದು ಹೇಗೆ? ದಿನವೂ ಅಳೆಯುವುದಿಲ್ಲ. ತಿಂಗಳಿಗೊಮ್ಮೆ ಅಳೆದು, ನಡುವಿನ ದಿನಗಳಿಗೆ ಎರಡು ಅಳತೆಗಳ ಸರಾಸರಿ ಹಾಕುತ್ತಾರೆ. 40ನೇ ದಿನ 1.6 ಲೀಟರ್, 70ನೇ ದಿನ 1.2 ಇದ್ದರೆ, ಆ 30 ದಿನಕ್ಕೆ 1.4ರಂತೆ 42 ಲೀಟರ್. ಒಂದು ಹಿಂಡಿನಲ್ಲಿ ಬೆಳಿಗ್ಗೆ ಮಾತ್ರ, ಇನ್ನೊಂದರಲ್ಲಿ ಎರಡೂ ಹೊತ್ತು ಅಳೆದು ಸುಮ್ನೆ ಪಕ್ಕಪಕ್ಕ ಇಡುವಂತಿಲ್ಲ.

ಮರಿ ಕುಡಿದ ಹಾಲು ಲೆಕ್ಕಕ್ಕೆ ಸಿಗುವುದಿಲ್ಲ, ಇಲ್ಲೇ ಹೆಚ್ಚು ಮೋಸ. ಫ್ರಾನ್ಸಿನ ಲಕೋನ್ ತಳಿಯಲ್ಲಿ ಮರಿಗಳು ಸುಮಾರು ಒಂದು ತಿಂಗಳು ತಾಯಿಯ ಹಾಲು ಕುಡಿಯುತ್ತವೆ. ಕರೆಯುವ ಲೆಕ್ಕ ಆಮೇಲೆ ಶುರು. ಹಾಲು ಚೆನ್ನಾಗಿ ಬರುವುದೇ ಮೊದಲ ಕೆಲವು ವಾರಗಳಲ್ಲಿ. ಹಾಗಾಗಿ ಮರಿಯನ್ನು ಹುಟ್ಟಿದಾಗಲೇ ಬೇರ್ಪಡಿಸುವ ಹಿಂಡಿನ ಅಂಕಿ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ.

ಕರೆದ ದಿನಗಳೂ ಬೇರೆಬೇರೆ ಇರುತ್ತವೆ. ಒಂದೇ ಅವಧಿಗೆ ಸರಿಹೊಂದಿಸಿ ಹೋಲಿಸುವುದು ರೂಢಿ. ಆದರೆ ಬೇಗ ಬತ್ತದಿರುವುದೂ ಒಂದು ಒಳ್ಳೆಯ ಗುಣ. ಅದನ್ನು ಪೂರ್ತಿ ಒರೆಸಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಲು ಚೀಸ್‌ಗೆ ಹೋಗುವುದಾದರೆ ಕೊಬ್ಬು, ಪ್ರೋಟೀನ್ ಕೂಡ ನೋಡಬೇಕು. ಹಾಲು ಹೆಚ್ಚಾದಂತೆ ಇವುಗಳ ಶೇಕಡಾವಾರು ಸಾಮಾನ್ಯವಾಗಿ ಇಳಿಯುತ್ತದೆ.

ಈಗ ಎರಡನೇ ಕುರಿ ಮುಂದಿದ್ದ ಆ 40 ಲೀಟರ್‌ಗೆ ಬರೋಣ. ಆ ಮುನ್ನಡೆಯೆಲ್ಲ ಮರಿಗೆ ವಂಶಗುಣವಾಗಿ ಬರುವುದಿಲ್ಲ. ಕುರಿಗಳಲ್ಲಿ ಹಾಲಿನ ಪ್ರಮಾಣದ ಆನುವಂಶಿಕತೆ ಸುಮಾರು 0.3. ಅಂದರೆ ತಳಿಗುಣದ ಪಾಲು ಅಂದಾಜು 12 ಲೀಟರ್, ಅದರಲ್ಲಿ ಮರಿಗೆ ದಾಟುವುದು ಸರಾಸರಿ ಅರ್ಧ: 6. ಕಡಿಮೆ ಅನಿಸುತ್ತೆ, ಅಲ್ವಾ?

ಇದಕ್ಕೂ ಒಂದು ಷರತ್ತಿದೆ. ಎರಡೂ ಹಿಂಡುಗಳ ತಳಿಮಟ್ಟ ಒಂದೇ ಅಂದುಕೊಂಡಿದ್ದೇವೆ. 160ರ ಹಿಂಡಿಗೆ ಮೇವು ಕಡಿಮೆಯೋ, ತಳಿಯೇ ದುರ್ಬಲವೋ? ಇದನ್ನು ತಿಳಿಯಲು ಎರಡೂ ಕಡೆ ಅದೇ ಟಗರುಗಳ ಹೆಣ್ಣುಮಕ್ಕಳು ಇರಬೇಕು. ಕೃತಕ ಗರ್ಭಧಾರಣೆ ಇದನ್ನು ಸುಲಭ ಮಾಡುತ್ತದೆ. ಒಂದೇ ಟಗರಿನ ಹೆಣ್ಣುಮಕ್ಕಳು ಹಲವು ಹಿಂಡುಗಳಲ್ಲಿ ಹಾಲು ಕೊಟ್ಟಾಗ ಹಿಂಡಿನ ಪ್ರಭಾವ ಬೇರೆ, ತಳಿಗುಣ ಬೇರೆ ಎಂದು ಲೆಕ್ಕ ಬಿಡಿಸಬಹುದು. ಟಗರಿನ ತಳಿಮೌಲ್ಯವೂ, ಅಂದರೆ ಹಾಲಿನ ತಳಿಗುಣದಲ್ಲಿ ಅದು ಎಷ್ಟು ಮೇಲು ಅನ್ನುವ ಅಂದಾಜೂ, ಅದೇ ಲೆಕ್ಕದಿಂದ ಸಿಗುತ್ತದೆ.